ಏಳಕ್ಕೂ ಎಂಟಕ್ಕೂ ನಡುವೆ

ಕುಶಾಲನಗರದ ಪೇಂಟ್ ಅಂಗಡಿಯ ಮೇಲಿನ ಕೋಣೆ.
ಮೆಟ್ಟಿಲು ಹತ್ತುವಾಗ ಟರ್ಪೆಂಟೈನ್ ವಾಸನೆ,
ಬಾಗಿಲಲ್ಲಿ ಹತ್ತೊಂಬತ್ತು ಜೊತೆ ಚಪ್ಪಲಿ,
ಒಂದು ಜೊತೆ ಮಿಲಿಟರಿ ಬೂಟು.
ಅದು ಸುಬೇದಾರ್ ಪೆಮ್ಮಯ್ಯನವರದು; ಲೇಸು ಬಿಚ್ಚಲು ಅವರಿಗೆ
ನಾಲ್ಕು ಆರ್ಯಸತ್ಯ ಮುಗಿಯುವಷ್ಟು ಹೊತ್ತು ಬೇಕು.

ಮೊದಲು ಇಪ್ಪತ್ತು ನಿಮಿಷ ಉಸಿರು, ಆಮೇಲೆ ಪಾಠ,
ಪಾಠವಾದ ಮೇಲೆ ಮತ್ತೆ ಉಸಿರು.
'ಓದದೆ ಕೂತರೆ ನಿದ್ದೆ, ಕೂರದೆ ಓದಿದರೆ ಬರೀ ಗಂಟಲುನೋವು'
ಎನ್ನುತ್ತಾರೆ ಗೆನ್ ಜಾಂಪೆಲ್.
ಹೊಳೆಯಾಚೆಯಿಂದ ಸೇತುವೆ ದಾಟಿ, ಹಳೇ ಸ್ಕೂಟಿಯಲ್ಲಿ,
ಕೆಂಪು ನಿಲುವಂಗಿಯ ತುದಿ ತೊಡೆಯಡಿ ಸಿಕ್ಕಿಸಿಕೊಂಡು ಬರುವವರು.
ಅವರ ಕನ್ನಡ ಸಂತೆಯಲ್ಲಿ ಕಲಿತದ್ದು,
ನಿರ್ವಾಣಕ್ಕೂ ಒಂದು ಚೌಕಾಸಿಯ ದನಿ.

ನಮ್ಮ ಆಸನಗಳು ಗೋಣಿಚೀಲ ಹರಿದು ಹೊಲಿದವು,
ಒಳಗೆ ಕಾಫಿ ಹೊಟ್ಟು.
ಯಾರಾದರೂ ಕದಲಿದರೆ ಅಟ್ಟದಲ್ಲಿ ಇಲಿ ಓಡಿದ ಸದ್ದು.

ಎಂಟನೆಯ ವಾರ, ಹನ್ನೆರಡು ಕೊಂಡಿ.
ಬೋರ್ಡಿನ ಮೇಲೆ ಚಕ್ರ ಬರೆದು ಗೆನ್ ಹಿಂದಿನಿಂದ ಬಂದರು:
ಮುಪ್ಪಿಗೆ ಕಾರಣ ಹುಟ್ಟು, ಹುಟ್ಟಿಗೆ ಕಾರಣ ಭವ,
ಭವಕ್ಕೆ ಕಾರಣ ಹಿಡಿತ...
ಪೆಮ್ಮಯ್ಯ ಕೈಯೆತ್ತಿದರು.
'ನಮ್ಮಲ್ಲಿ ಕಾರಣ ಅಂದರೆ ಮನೆತನದ ಮೂಲಪುರುಷ.
ವರ್ಷಕ್ಕೊಮ್ಮೆ ಕೋಳಿಸಾರು, ಕಡಂಬಿಟ್ಟು, ಒಂದು ಗ್ಲಾಸು ರಮ್ಮು
ಎಲೆಯ ಮುಂದಿಟ್ಟು ಕೈಮುಗಿಯುತ್ತೇವೆ.
ನೀವು ನೋಡಿದರೆ ಕಾರಣ ಕಡಿ ಅನ್ನುತ್ತೀರಿ.'
ಕೋಣೆ ನಕ್ಕಿತು. ಗೆನ್ ನಗಲಿಲ್ಲ.
'ನಿಮ್ಮ ಕಾರಣನಿಗೆ ಕಾರಣ ಯಾರು?'
'ಅವರಪ್ಪ.'
'ಅವರಪ್ಪನಿಗೆ?'
ಸುಬೇದಾರರು ಒಂದೊಂದೇ ತಲೆಮಾರು ಹಿಂದಕ್ಕೆ ನಡೆದು
ಹೆಸರು ಮುಗಿದ ಕಡೆ
ದಾರಿ ಸವೆದ ಕಾಡಂಚಿನಲ್ಲಿ ನಿಂತವರಂತೆ ನಿಂತರು.
'ಅಲ್ಲಿ ಏನಿದೆ?'
'ಗೊತ್ತಿಲ್ಲ.'
ಗೆನ್ ಮೊದಲ ಕೊಂಡಿಯ ಬಳಿ ಹೋಗಿ
ಅವಿದ್ಯೆ ಎಂಬ ಪದವನ್ನು ಅಂಗೈಯಲ್ಲಿ ಒರೆಸಿ
ಅದೇ ಜಾಗದಲ್ಲಿ ಬರೆದರು: ಗೊತ್ತಿಲ್ಲ.

ನನಗೆ ಮುಳ್ಳಾಗಿ ಸಿಕ್ಕಿದ್ದು ಏಳನೆಯದು.
ಆರು ಸ್ಪರ್ಶ, ಏಳು ವೇದನೆ, ಎಂಟು ತೃಷ್ಣೆ.
ವೇದನೆ ಅಂದರೆ ನೋವಲ್ಲ, ಬರೀ ರುಚಿ, ಎಂದರು:
ಹಿತ, ಅಹಿತ, ಎರಡೂ ಅಲ್ಲದ್ದು.
ಏಳಕ್ಕೂ ಎಂಟಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ;
ಹೊರಗೆ ಹೋಗುವ ಬಾಗಿಲು ಅಲ್ಲೇ.
ನೋಟುಬುಕ್ಕಿನಲ್ಲಿ ಅಡಿಗೆರೆ ಎಳೆದೆ. ಎರಡು ಸಲ.

ನನ್ನ ಕೆಲಸ ಅದೇ ಅಲ್ಲವೇ.
ಕ್ಯೂರಿಂಗ್ ವರ್ಕ್ಸಿನ ಒಳಕೋಣೆ, ಬೆಳಿಗ್ಗೆ ಎಂಟು,
ದುಂಡುಮೇಜಿನ ಸುತ್ತ ಮೂವತ್ತು ಬಟ್ಟಲು.
ಚಮಚದಿಂದ ಮೇಲಿನ ಪದರ ಮುರಿದು, ಮೂಗು ತಗ್ಗಿಸಿ,
ಸುರ್ರೆಂದು ಹೀರಿ, ನಾಲಗೆಯ ಮೇಲೆ ಹೊರಳಿಸಿ
ಉಗುಳುವುದು.
ಹುಳಿ. ಗೋಣಿ ವಾಸನೆ. ಹಸಿ ಬಟಾಣಿ. ಪರವಾಗಿಲ್ಲ.
ಹದಿನಾರು ವರ್ಷ ನುಂಗದೆ ಸಂಬಳ ತಗೊಂಡವಳು ನಾನು.
ಆ ಬಾಗಿಲಲ್ಲೇ ಸ್ಟೂಲು ಹಾಕಿ ಕೂತಿದ್ದೆ,
ಯಾರೂ ಹೇಳಿರಲಿಲ್ಲ.

ಹೆಮ್ಮೆಯೂ ಒಂದು ರುಚಿ. ಅದನ್ನು ಉಗುಳಲು ಮರೆತೆ.

ಮರುದಿನ ಹದಿನೇಳನೆಯ ಬಟ್ಟಲು, ಸೋಮವಾರಪೇಟೆ ಕಡೆಯ ಅರೇಬಿಕಾ.
ಕಿತ್ತಳೆ ಸಿಪ್ಪೆ, ಆಮೇಲೆ ಬೆಲ್ಲದ ಪಾಕ ಎಳೆ ಬರುವ ಹೊತ್ತು,
ಆಮೇಲೆ ಹೆಸರಿಲ್ಲದ ಏನೋ.
ಗಂಟಲು ನನ್ನನ್ನು ಕೇಳಲಿಲ್ಲ.
ಚಮಚ ಮತ್ತೆ ಅದ್ದಿತು. ಮತ್ತೆ.
ಷರಾ ಕಾಲಮ್ಮಿನಲ್ಲಿ ಕೈ ತಾನಾಗಿ ಬರೆಯಿತು: ಎಂಟು.
ಮ್ಯಾನೇಜರ್ ಕರುಂಬಯ್ಯ ಕನ್ನಡಕ ಎತ್ತಿದರು:
'ಹತ್ತಕ್ಕೆ ಎಂಟಾ? ನೀವಾ ಕೊಟ್ಟದ್ದು?'
ಹೂಂ ಎಂದೆ.
ನನ್ನ ಆಸೆಯಿಂದ ಯಾರದೋ ತೋಟದ ಚೀಲಕ್ಕೆ
ನೂರೈವತ್ತು ರೂಪಾಯಿ ಹೆಚ್ಚು.

ಒಂಬತ್ತನೆಯ ವಾರ ಪೆಮ್ಮಯ್ಯ ಹವಾಯಿ ಚಪ್ಪಲಿಯಲ್ಲಿ ಬಂದರು.
'ಈ ಸಲ ಹೆಸರು ಗೊತ್ತಿಲ್ಲದವರಿಗೂ ಒಂದು ಎಲೆ ಹಾಕಿದೆ'
ಅಂದರು, ಹೆಚ್ಚು ಹೇಳಲಿಲ್ಲ,
ಮಂಡಿ ಹಿಡಿದುಕೊಂಡು ಕೂತರು. ಇಲಿ ಓಡಿತು.

ಕೆಳಗೆ ಬಣ್ಣ ಕಲಸುವ ಯಂತ್ರ ಗಡಗಡಿಸಿತು.
ಅಹಿತ, ಎಂದುಕೊಂಡೆ.
ನಿಂತಿತು. ಹಿತ.
ಕಣ್ಣು ಮುಚ್ಚಿಯೇ, ಮತ್ತೆ ಶುರುವಾಗಲೆಂದು
ಕಾಯುತ್ತಿದ್ದೆ.
ಇದು ಎಷ್ಟನೆಯ ಕೊಂಡಿ, ಕೇಳಬೇಕು, ಮುಂದಿನ ವಾರ.