ಚುಕ್ಕೆ ಎಲ್ಲಿಡಲಿ

ಸಾಲ್ವಡಾರ್ ನಗರಸಭೆ ಕೊಟ್ಟ ನಕ್ಷೆಯಲ್ಲಿ
ನಮ್ಮ ಕೊಳ್ಳ ಬರೀ ಹಸಿರು.
ಮೂರು ಸಾವಿರ ಮನೆಗಳ ಮೇಲೆ
ಯಾರೋ ಕಾಡು ಬಳಿದು ಕೈತೊಳೆದುಕೊಂಡಿದ್ದಾರೆ.

ಆದ್ದರಿಂದ ಮೊದಲು ನಾವೇ ಎಣಿಸಿದೆವು,
ಜುಸಿನೇಯ್ದಿ ಮೆಟ್ಟಿಲು, ನಾನು ಬಾಗಿಲು.
ಇನ್ನೂರ ಹನ್ನೊಂದು ಇಳಿದರೆ ಮೋರಿ.
ಅಲ್ಲಿಂದ ಕೆಳಗೆ ಊರಿಲ್ಲ,
ಊರಿನದೆಲ್ಲ ಇದೆ.

ಸಂಜೆ, ಮಸಿ ಬಳಿದ ಹಲಗೆಗಳನ್ನು
ಗೋಡೆಯ ಬುಡಕ್ಕೆ, ಕೋಳಿಗೂಡಿನ ಹಿಂದಕ್ಕೆ
ಇಟ್ಟು ಬರುತ್ತೇವೆ. ಬೆಳಿಗ್ಗೆ ನೋಡಿದರೆ
ಇಲಿಗಳು ರಾತ್ರಿಯಿಡೀ ತಿದ್ದಿರುತ್ತವೆ:
ಮುಂದಿನ ಪಾದಕ್ಕೆ ನಾಲ್ಕು ಬೆರಳು, ಹಿಂದಿನದಕ್ಕೆ ಐದು,
ನಡುವೆ ಬಾಲದ ಉದ್ದ ಗೆರೆ,
ತಪ್ಪಿದ್ದನ್ನು ಹೊಡೆದುಹಾಕಿದ ಹಾಗೆ.
ಪಕ್ಕದ ಮನೆಯ ವಾಂದರ್ಲೇಯ್ ಬಗ್ಗಿ ನೋಡಿ ಕೇಳುತ್ತಾನೆ,
'ಪಾಸಾ?'

ಇಲಿಗೆ ಏನೂ ಆಗುವುದಿಲ್ಲ, ಎನ್ನುತ್ತೇನೆ ಮನೆಮನೆಗೂ.
ಅದರ ಮೂತ್ರದಲ್ಲಿ ಸುರುಳಿ ಸುತ್ತಿದ ಜೀವ
ಮಳೆಗೆ ಹೊರಳಿ ಕೆಸರಲ್ಲಿ ಕಾಯುತ್ತದೆ,
ಕಾಲಿನ ಒಂದು ಗೀರು ಸಾಕು.
ಮೀನಖಂಡ ಹಿಡಿದುಕೊಂಡರೆ, ಕಣ್ಣು ಹಳದಿಯಾದರೆ
ತಡಮಾಡಬೇಡಿ.
ತಡವಾದ ಮನೆಯವರು ಹೇಳುವುದೂ ಒಂದೇ:
ಡೆಂಗಿ ಅಂತ ಮಾತ್ರೆ ಕೊಟ್ಟು ಕಳಿಸಿದರು.

ಮೇ ಮುಗಿಯುವಷ್ಟರಲ್ಲಿ ಹದಿನೇಳು ಕೆಂಪು ಚುಕ್ಕೆ.
ಹದಿನೆಂಟನೆಯವನು ಎರೊನಿಲ್ದು, ಪೈಪು ಜೋಡಿಸುವವನು.
ಆಸ್ಪತ್ರೆ ಚೀಟಿಯಲ್ಲಿ ವಿಳಾಸ:
ಹಲಸಿನ ಮರದ ಹಿಂದಿನ ಮನೆ.
ಮರ ಕಡಿದು ಎರಡು ವರ್ಷ.
ಅದರ ಹಿಂದಿದ್ದದ್ದು ಈಗ ಯಾವುದರ ಹಿಂದೂ ಇಲ್ಲ.

ಕೇಳುತ್ತ ಕೇಳುತ್ತ ಸಿಕ್ಕಿತು. ದೋನಾ ಜಿಲ್ದೇತಿ ಹೊಸಿಲಲ್ಲಿ ಕೂತು
ಅಲಸಂದೆ ಆರಿಸುತ್ತಿದ್ದಳು, ಕಲ್ಲು ಒಂದು ಕಡೆಗೆ.
ಫೋನು ಮೇಲೆತ್ತಿ ನಾನು ಉಪಗ್ರಹಕ್ಕೆ ಕಾದೆ.
'ಏನದು?'
'ಅವನ ಚುಕ್ಕೆ. ನಕ್ಷೆಗೆ.'
'ಇಲ್ಲಿ ಅವನು ಮಲಗುತ್ತಿದ್ದ, ಅಷ್ಟೆ.'
ಮಡಿಲು ಕೊಡವಿ ಎದ್ದು ಚಪ್ಪಲಿ ಮೆಟ್ಟಿದಳು.
ಮುಂದೆ ಅವಳು, ಹಿಂದೆ ನಾವು, ತೊಂಬತ್ತಾರು ಮೆಟ್ಟಿಲು.

ಮೋರಿಯಂಚಲ್ಲಿ ನಿಂತು ತೋರಿಸಿದಳು. ಇಲ್ಲಿ.
ಮೊಣಕಾಲುದ್ದ ಇಳಿದು
ಅಡ್ಡ ಸಿಕ್ಕಿಕೊಂಡ ಸೋಫಾ ಎಳೆದು ಹಾಕಿದ,
ನೀರು ಹೋಗಲಿ ಅಂತ,
ಎಲ್ಲರ ಮನೆಯ ನೀರು.
ಬರಿಗಾಲು. ಬೂಟನ್ನು ಅಣ್ಣನ ಮಗನಿಗೆ ಕೊಟ್ಟಿದ್ದ,
ಹುಡುಗ ಹೊಸದಾಗಿ ಕೆಲಸಕ್ಕೆ ಸೇರಿದ್ದ.

ಆ ರಾತ್ರಿ ಹದಿನೇಳನ್ನೂ ಅಳಿಸಿದೆ.
ನಾನು ಇಟ್ಟದ್ದೆಲ್ಲ ಹಾಸಿಗೆಗಳ ಮೇಲೆ.
ನಾಳೆ ಮತ್ತೆ ಅದೇ ಬಾಗಿಲುಗಳು,
ಬೇರೆ ಪ್ರಶ್ನೆ.

ಜುಸಿನೇಯ್ದಿ ಹೊಸ ಹಲಗೆಗೆ ಮಸಿ ಬಳಿಯುತ್ತಿದ್ದಾಳೆ,
ಮೊಣಕೈವರೆಗೂ ಕಪ್ಪು.
ಹೊರಗೆ ತಗಡಿನ ಮೇಲೆ ಹನಿ ಬಿತ್ತು,
ಒಂದು. ಆಮೇಲೆ ಇನ್ನೊಂದು.
ಆಮೇಲೆ ಎಣಿಸಲು ಬಿಡಲಿಲ್ಲ.