ಒಂದೂವರೆ

ತಾರ್ತು ಊರಿನ ಹೊಳೆಯಲ್ಲಿ ಹೆಪ್ಪು ಒಡೆಯುತ್ತಿದೆ.
ಕಿಟಕಿ ಅರ್ಧ ತೆರೆದಿದೆ, ಮಂಜು ಒಳಗೆ ಇಣುಕುತ್ತಿದೆ.
ತಾಮ್ರದ ಹೊಟ್ಟೆಯ ನಗಾರಿಗೆ ಹೊಸ ಕರುದೊಗಲು, ಆರು ತಿರುಪು.
ಹೆಲ್ವಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ
ಕಿವಿಗೊಟ್ಟು, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ
"ಲೆಕ್ಕ ಆಯಿತೇ?" ಅನ್ನುತ್ತಾಳೆ.

ಆಗಿಲ್ಲ.

ಹದಿನೈದು ವರ್ಷದ ಪರ್ಲ್ ಸ್ಕ್ರಿಪ್ಟು.
ತೊಗಲಿನ ಖರೀದಿ, ಅಂಗಡಿಯ ಬಾಡಿಗೆ,
ಯಾವ ವಾದ್ಯವೃಂದದಿಂದ ಎಷ್ಟು ಬಾಕಿ,
ಎಲ್ಲ ಗೊಣಗದೆ ಮಾಡಿಕೊಂಡು ಬಂದದ್ದು.
ಬೆಸೆಲ್ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತದೆ.
ಅದಕ್ಕೇ ಅದರ ಒಡಲಲ್ಲೇ, ಎರಡು ಗುರುತುಗಳ ನಡುವೆ
ಏಳು ಸಾಲು ಸಿ ಬರೆದೆ,
ಹಳೆಯ ಗಣಿತದ ಲೈಬ್ರರಿಯನ್ನು ಹೆಸರು ಹಿಡಿದು ಕರೆದೆ.

ಕಂಪೈಲರ್ ಓದಿತು, ತಪ್ಪಿಲ್ಲ ಎಂದಿತು.
ಲಗ್ನಪತ್ರಿಕೆ ನೋಡಿಯೇ ಎಲೆ ಹಾಕುವ ಜಾತಿ ಅದು.
ಓಡಿಸಿದಾಗ ತಾನೆ ಗೊತ್ತಾದದ್ದು:
ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಇದ್ದಾರೆ ಮಾರಾಯ. ಇದೇ ಡಿಸ್ಕಿನಲ್ಲಿ,
ಮೂರು ಫೋಲ್ಡರಿನಾಚೆ, ಬಾಗಿಲು ತೆರೆದೇ ಕೂತಿದ್ದಾರೆ.
ಆದರೆ ಲಿಂಕರಿಗೆ ಬಾಯಿಬಿಟ್ಟು ಹೇಳಬೇಕು:
ಮೊದಲೊಂದು ಅಡ್ಡಗೆರೆ, ಎಲ್ ಎಂಬ ಒಂದಕ್ಷರ,
ಅದರ ಬೆನ್ನಿಗೆ ಹೆಸರು.
ಹೇಳಿದೆ.
ಈಗ ನಾನು ಕರೆದೇ ಇಲ್ಲದ ಇನ್ನೊಂದು ಹೆಸರಿನ ತಕರಾರು.
ಇವಳು ಒಬ್ಬಳೇ ಬರುವವಳಲ್ಲ,
ಗೆಳತಿಯೂ ಬರಬೇಕು, ಗೆಳತಿಯ ಹಿಂದೆ ಎಂ,
ಅದೂ ಇದೇ ಸರದಿಯಲ್ಲಿ.
ಕೇಳುವವರು ಮೊದಲು, ಕೊಡುವವರು ಆಮೇಲೆ.
ಹಿಂದುಮುಂದಾದರೆ ಕೊಡುವವರು
ಯಾರೂ ಕೇಳಲಿಲ್ಲವಲ್ಲ ಎಂದು
ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾರೆ.

ಕತ್ತಲಾಯಿತು.
ಕರಿ ರೊಟ್ಟಿಯ ಮೇಲೆ ಉಪ್ಪುಮೀನು ಇಟ್ಟು
ಹೆಲ್ವಿ ತಟ್ಟೆ ಇತ್ತ ತಳ್ಳಿದಳು.
ಆಗ ಬಂತು ಉತ್ತರ,
ಹದಿನೈದು ದಶಮಾಂಶದವರೆಗೆ ಮಿನುಗುತ್ತ:
ಎರಡನೆಯ ಸ್ವರ ಮೊದಲನೆಯದರ
ಒಂದು ಬಿಂದು ಮೂರು ನಾಲ್ಕು ಪಟ್ಟು.

ಅವಳು ತಟ್ಟಿದಳು. ಕೇಳಿದಳು. ತಲೆ ಅಲ್ಲಾಡಿಸಿದಳು.
"ಒಂದೂವರೆ."

ಷಡ್ಜದ ತೋಳು ಹಿಡಿದು ಪಂಚಮ ನಿಂತ ಹಾಗೆ
ನನಗೂ ಕೇಳಿಸಿತು.

ಲೆಕ್ಕ ತಪ್ಪಲ್ಲ. ಅದು ಗಾಳಿಯಿಲ್ಲದ ಲೋಕದ ತೊಗಲಿನ ಲೆಕ್ಕ.
ಈ ನಗಾರಿಯೋ
ಹೊಟ್ಟೆಯ ಒಳಗೂ ತೊಗಲಿನ ಮೇಲೂ
ಈ ಕೋಣೆಯ ಗಾಳಿಯನ್ನು,
ಅಂಟಿನ ವಾಸನೆ, ಮೀನಿನ ವಾಸನೆ, ಅವಳ ಉಸಿರು ಸಮೇತ,
ಯಾವ ಅಡ್ಡಗೆರೆಯೂ ಇಲ್ಲದೆ ಜೋಡಿಸಿಕೊಂಡಿದೆ.
ನಾನು ಕರೆಯಲು ಮರೆತದ್ದು ಅದೊಂದನ್ನೇ.
ಅದು ಮಾತ್ರ ತಕರಾರು ಮಾಡಿರಲಿಲ್ಲ.

"ಹೈನೋ, ಆ ಕಿಟಕಿ ಮುಚ್ಚು," ಅಂದಳು.
"ತೊಗಲು ತೇವ ಕುಡಿಯುತ್ತಿದೆ."