ಕರಡಿಗೆಯ ಗುರುತು

ಅಮಾವಾಸ್ಯೆಯ ಗೋಷ್ಠಿಯಲ್ಲಿ, ಪ್ರಸಾದಕ್ಕೆ ಮುಂಚೆ,
ನಮಗೆ ಕೊಟ್ಟದ್ದು ಹದಿನೈದು ನಿಮಿಷ.
ಪಿಂಪ್ರಿಯ ಬಾಡಿಗೆ ಕಾರ್ಯಾಲಯ. ಹೊರಗೆ ಲೋಕಲ್ಲಿನ ಸದ್ದು,
ಒಳಗೆ ಹುಗ್ಗಿಗೆ ಕರಗುವ ಬೆಲ್ಲದ ವಾಸನೆ.

ಕಾಗದ ಹಿಡಿದು ಓದಿದೆ:
ಕೋರ್ಟು ಏನಂದಿತು, ಡಾಕ್ಟರು ಏನಂದರು.
ಪಕ್ಕದಲ್ಲಿ ಸೆರಗು ಹೊದ್ದು ಸುಗಲಾ,
ಇದೇ ವೇದಿಕೆಯಲ್ಲಿ, ಹುಡುಗನ ಅಂಗಿಯಲ್ಲಿ,
ವಚನ ಕಂಠಪಾಠಕ್ಕೆ ಸ್ಟೀಲಿನ ಡಬ್ಬಿ ಗೆದ್ದವಳು.
ಯಾರೋ ಫ್ಯಾನು ಜೋರು ಮಾಡಿದರು.
ಒಬ್ಬ ತಾಯಿ ಮಗನ ಕಿವಿ ಮುಚ್ಚಿ
ಆಮೇಲೆ ಚಪ್ಪಲಿ ಹುಡುಕಿದಳು.

ಹೇಳಬೇಕಾದ್ದು ಕಾಗದದಲ್ಲಿರಲಿಲ್ಲ.
ಹತ್ತೊಂಬತ್ತಕ್ಕೆ ನಾನು ಲಿಂಗ ಬಿಚ್ಚಿ
ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೆ,
ನನ್ನೆದೆ ಬಯಸುವುದನ್ನು ಅವನು
ಅಷ್ಟು ಹತ್ತಿರದಿಂದ ಕೇಳುವುದು ಬೇಡವೆಂದು.
ನಾಲ್ಕನೇ ದಿನ ಅವ್ವ ಹಿಟ್ಟಿಗೆಂದು ಜೋಳ ತೆಗೆದಳು.
ಏನೂ ಕೇಳಲಿಲ್ಲ. ತೊಳೆದಳು. ಕೊರಳಿಗೆ ಕಟ್ಟಿದಳು.
ಗಂಟು ಮಾತ್ರ ಎರಡು ಸಲ ಹಾಕಿದಳು.

ಇದನ್ನು ಹೇಳಿಬಿಟ್ಟೆ.

ಹಿಂದಿನ ಗೋಡೆಗೆ ಒರಗಿದ್ದ ಗುರುಪಾದಪ್ಪ ಹತ್ತರಕಿ,
ಖಡಕಿ ಫ್ಯಾಕ್ಟರಿಯ ಗೇಟು ಕಾದು ನಿವೃತ್ತರಾದವರು,
ಕುಸ್ತಿಯಲ್ಲಿ ಮುದುಡಿದ ಕಿವಿ, ಹುರಿ ಮೀಸೆ,
ಕೆಮ್ಮುತ್ತ ಎದ್ದರು.
ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ.

"ಎಂಟು ವರ್ಷದಾಂವ ಇದ್ದಾಗ ನನಗ ದೀಕ್ಷಾ ಆತು.
ಗುರು ಅಂದ್ರು: ಇಂದಿನಿಂದ ನೀ ಸತಿ, ಅಂವ ಪತಿ.
ಎಪ್ಪತ್ತು ವರ್ಷಾತು, ಈ ಮೀಸಿ ಇಟಗೊಂಡು
ಮುಂಜಾನೆದ್ದು ಅದನ್ನ ಅಂತೀನಿ.
ಯಾರೂ ನಕ್ಕಿಲ್ಲ."
ಸುತ್ತ ನೋಡಿದರು.
"ಈಗ ನಗ್ರಿ, ನೋಡೂಣು."

ಅದು ಬ್ಯಾರೆ, ಇದು ಬ್ಯಾರೆ ಅಜ್ಜಾ, ಎಂದು ಯಾರೋ ಗೊಣಗಿದರು.
ಇರಬಹುದು. ನಾನು ವಾದಿಸಲಿಲ್ಲ.
ಇಬ್ಬರು ನಮ್ಮ ಪಂಕ್ತಿ ಬಿಟ್ಟೆದ್ದರು.
ತುಪ್ಪದ ಗಿಂಡಿ ಹಿಡಿದ ಹುಡುಗನೊಬ್ಬ
ಬೇಕೆನ್ನುವುದಕ್ಕಿಂತ ಹೆಚ್ಚೇ ಸುರಿದು,
ಮುಖ ನೋಡದೆ, ಎಲೆಗೆ ಹೇಳುವವನಂತೆ,
ಮುಂದಿನ ಅಮಾಸಿಗೂ ಬರ್ತೀರೇನ್ರಿ, ಎಂದ.

ರಾತ್ರಿ ದಾಪೋಡಿಯ ಖೋಲಿಯಲ್ಲಿ ಮಚ್ಛಿಂದ್ರ
ಅಂಗಿ ಬಿಚ್ಚಿ ಕನ್ನಡಿಗೆ ಎದೆ ಹಿಡಿದ.
ನನ್ನ ಕರಡಿಗೆ ಒತ್ತಿದ ಜಾಗ,
ಬೋರೆಹಣ್ಣಿನಷ್ಟು ಕೆಂಪು.
ನಿನ್ನ ದೇವರು ನಮ್ಮ ನಡುವೆಯೇ ಮಲಗುತ್ತಾನೆ,
ಅವನ ದಿನದ ದೂರು ಇದು, ಮರಾಠಿಯಲ್ಲಿ.

ತೆಗೆದಿಡು ಎಂದು
ಆರು ವರ್ಷದಲ್ಲಿ ಒಮ್ಮೆಯೂ ಅಂದಿಲ್ಲ.